ತಾಳಿ ಕಟ್

ಆಗ ನನಗೆ ಐವತ್ತನಾಲ್ಕು. ಹದಿನೆಂಟು ವರ್ಷದ ಹಿಂದಿನ ಮಾತು. ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ಯಜಮಾನರು ಹೋದರು. ದೆಹಲಿಯ ಒಂದು ಸರ್ಕಾರಿ ಆಫೀಸಿನಲ್ಲಿ ದಫ್ತರಿಯಾಗಿದ್ದರು. ಫೈಲುಗಳನ್ನು ಸೂಜಿದಾರ ಹಾಕಿ ಹೊಲಿಯುವುದು, ಬೀರುವಿಗೆ ಸೇರಿಸುವುದು, ಮತ್ತೆ ತೆಗೆದುಕೊಡುವುದು ಅವರ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ತೆರೆದವರು ಹಾಗೇ ಒರಗಿದರಂತೆ. ಡಬ್ಬಿ ತುಂಬಿದ್ದದ್ದು ತುಂಬಿದ್ದ ಹಾಗೇ ಮನೆಗೆ ಬಂತು. ನನಗೆ ಅಳು ಬರಲಿಲ್ಲ. ನೋಡಲು ಬಂದ ಹೆಂಗಸರು, ಪಾಪ ಎಲ್ಲ ಒಳಗೇ ಇಟ್ಟುಕೊಂಡಿದ್ದಾಳೆ ಅಂದರು. ಒಳಗೆ ಏನಾದರೂ ಇದ್ದಿದ್ದರೆ ನನಗೂ ಗೊತ್ತಾಗಬೇಕಿತ್ತು. ಹಾಲು ಕಾಯಿಸುತ್ತಿದ್ದೆ, ಉಕ್ಕುತ್ತಿತ್ತು, ಒರೆಸುತ್ತಿದ್ದೆ. ಹನ್ನೊಂದನೇ ದಿನ ತಾಳಿ ತೆಗೆದರು. ತೆಗೆಯುವಾಗ ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಎಲೆ ಹಾಕಿದರು, ಊಟಕ್ಕೆ ಕೂತರು.

ಕಾರ್ಯಕ್ಕೆ ಊರಿಂದ ಬಂದಿದ್ದ ಭಾವನವರು ಹೊರಡುವ ದಿನ ಮಾತು ತೆಗೆದರು. ಸರ್ಕಾರಿ ಕ್ವಾರ್ಟರ್ಸ್ ಹೇಗೂ ಬಿಡಬೇಕು. ತಾಯಿ ಮಗಳು ಇಬ್ಬರೇ ಇಲ್ಲಿ ಏನು ಮಾಡುತ್ತೀರಿ, ತಿಪಟೂರಿಗೆ ಬನ್ನಿ, ಹುಡುಗಿಗೆ ಅಲ್ಲೇ ಒಂದು ಗಂಡು ನೋಡೋಣ ಅಂದರು. ಮಗಳು ತನಗೆ ಇಲ್ಲಿ ಕೆಲಸ ಇದೆ ಅಂದಳು. ಬೇರೆಯವರ ಮದುವೆಯನ್ನು ಕೂತು ನೋಡುವುದೂ ಒಂದು ಕೆಲಸವಾ ಎಂದು ಭಾವನವರು ಕೇಳಿದರು. ಕೊನೆಗೆ, ಆ ಕೆಲಸದಲ್ಲಿ ಬಾಡಿಗೆ ಮನೆ ನಡೆಸುವುದಕ್ಕೆ ಆಗುತ್ತದೆ ಅನ್ನುವುದಾದರೆ ಇರಿ, ಆಗದಿದ್ದರೆ ದಸರಾಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು. ನನಗೆ ಎರಡೂ ಒಂದೇ ಆಗಿತ್ತು. ಅವಳಿಗೆ ಒಂದೇ ಆಗಿರಲಿಲ್ಲ. ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ಊರಿಗೆ ಹೋದರೆ ಎರಡನೇ ದಿನಕ್ಕೇ ಮಾತು ಮುಗಿದು ಗೋಡೆ ನೋಡುತ್ತಾ ಕೂರುತ್ತಿದ್ದಳು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಉತ್ತರ ಕೊಡುವವಳು.

ಅವಳ ಕೆಲಸ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು. ನಮ್ಮ ಮಾರ್ಕೆಟ್ಟಿನಲ್ಲಿ ಒಬ್ಬ ಪಂಜಾಬಿಯ ಸ್ಟುಡಿಯೋ ಇತ್ತು. ಅವನು ಮದುವೆಗಳಲ್ಲಿ ಕ್ಯಾಮೆರಾ ಹಿಡಿಸಿ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಟೇಪುಗಳನ್ನು ಇವಳಿಗೆ ಕಳಿಸುತ್ತಿದ್ದ. ಇವಳು ಅವನೇ ಕೊಟ್ಟಿದ್ದ ಒಂದು ಹಳೆ ಕ್ಯಾಮೆರಾದಿಂದ ಮನೆಯ ಕಂಪ್ಯೂಟರಿಗೆ ಅದನ್ನು ತುಂಬಿಸಿಕೊಂಡು, ಬೇಡದ್ದು ತೆಗೆದು, ಹಾಡು ಸೇರಿಸಿ, ಹೂವು ಉದುರಿಸಿ, ಸಿ.ಡಿ. ಮಾಡಿ ಕೊಡುತ್ತಿದ್ದಳು. ಇಡೀ ದಿನ ನಮ್ಮ ಮನೆಯಲ್ಲಿ ಶಹನಾಯಿ. ಅವಳು ಹಿಂದಕ್ಕೆ ತಿರುಗಿಸಿದರೆ ಹಾರ ಹಾಕಿದವರು ತೆಗೆದುಕೊಳ್ಳುತ್ತಿದ್ದರು, ಕುದುರೆ ಹತ್ತಿದ ಗಂಡು ಇಳಿಯುತ್ತಿದ್ದ, ಬಾಯಿಗೆ ಹೋದ ಲಡ್ಡು ತಟ್ಟೆಗೆ ವಾಪಸು ಬರುತ್ತಿತ್ತು. ಏಪ್ರಿಲ್ ಆದ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ನೋಡಬೇಕು ಅಂತಲ್ಲ. ಕಣ್ಣು ಇಡಲು ಒಂದು ಜಾಗ ಬೇಕಿತ್ತು.

ಕಂಪ್ಯೂಟರು ಅವಳು ಕಾಲೇಜಿನಲ್ಲಿದ್ದಾಗ ಯಜಮಾನರು ಕೊಡಿಸಿದ್ದು. ಟೈಪು ಕಲಿಯಲಿ ಅಂತ ತಂದದ್ದೇ ಹೊರತು ಮದುವೆ ತುಂಬಿಸಲು ತಂದದ್ದಲ್ಲ. ಒಂದು ಗಂಟೆಯ ಟೇಪು ಒಳಗೆ ಹೋದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಬಿಸಿಯಾಗುತ್ತದೆ ಅಂತ ಡಬ್ಬದ ಒಂದು ಕಡೆಯ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿ ಇಡುತ್ತಿದ್ದಳು. ಫ್ಯಾನು ಅದಕ್ಕೆ, ಬೆವರು ನಮಗೆ. ಅಷ್ಟಾದರೂ ಅದು ಮಧ್ಯೆ ಮಧ್ಯೆ ನಿಂತುಬಿಡುತ್ತಿತ್ತು. ಹ್ಯಾಂಗ್ ಆಯಿತು ಅನ್ನುತ್ತಿದ್ದಳು. ಆಫ್ ಮಾಡಿ ಆನ್ ಮಾಡಿ ಮೊದಲಿಂದ ಶುರು ಮಾಡಬೇಕು. ಹೀಗೆ ಎರಡು ಮದುವೆ ತಡವಾಗಿ, ಸ್ಟುಡಿಯೋದವನು ಆಗಲೇ ಮುಖ ಗಂಟಿಕ್ಕಿದ್ದ.

ಮೇ ಕೊನೆಯಲ್ಲಿ ಅವನು ತಾನೇ ಸ್ಕೂಟರಿನಲ್ಲಿ ಬಂದು ಟೇಪುಗಳ ಒಂದು ಕಟ್ಟು ಕೊಟ್ಟ. ಈ ಸಲ ನಮ್ಮವರ ಮದುವೆ. ಯಾರೋ ದೊಡ್ಡ ಆಫೀಸರ ಮಗಳದ್ದು, ಕನ್ನಡದವರು, ಗಂಡು ಮಾನೇಸರಿನ ಕಾರಿನ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಮದ್ರಾಸಿ ಮದುವೆ, ಯಾವಾಗ ಏನು ಆಗುತ್ತದೆ ಅಂತ ನನ್ನ ಹುಡುಗರಿಗೆ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ, ಅದಕ್ಕೇ ನಿನಗೆ ಅಂದ. ಇದು ಚೆನ್ನಾಗಿ ಬಂದರೆ ನಿಮ್ಮ ಜನರ ಮದುವೆಗಳೆಲ್ಲ ನನ್ನ ಹತ್ತಿರ ಬರುತ್ತವೆ, ಎಲ್ಲಾ ನಿನಗೇ; ಇದೂ ಕೆಟ್ಟರೆ ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂತಲೂ ಹೇಳಿದ. ಕೂಗಾಡಿ ಹೇಳಲಿಲ್ಲ. ಚಹಾ ಕುಡಿಯುತ್ತಾ ಹೇಳಿದ. ಮಗಳಿಗೆ ಭಾವನವರ ದಸರಾ ನೆನಪಿಗೆ ಬಂದಿರಬೇಕು, ಲೋಟ ತೊಳೆಯುವಾಗ ಎರಡು ಸಲ ತೊಳೆದಳು.

ನಾನು ಅವಳ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಇದು ಕಾಶೀಯಾತ್ರೆ, ಇದು ಅಂತರಪಟ, ಈ ಬಟ್ಟೆ ಹಿಡಿದಿರುವುದನ್ನು ತೆಗೆಯಬೇಡ, ಬಟ್ಟೆ ಇಳಿಯುವುದೇ ಮುಖ್ಯ ಅಂತ ಹೇಳುತ್ತಿದ್ದೆ. ಮದುವೆಮನೆಗೆ ಹೋಗಬಾರದ ಹೆಂಗಸು ನಾನು, ಮದುವೆ ನಮ್ಮ ಮನೆಗೇ ಬಂದಿತ್ತು. ಮುಹೂರ್ತದ ಟೇಪು ಒಳಗೆ ಹೋಗುತ್ತಿತ್ತು. ಗಟ್ಟಿಮೇಳ ಅಂದರು, ವಾದ್ಯ ಏರಿತು, ಗಂಡು ತಾಳಿ ಹಿಡಿದು ಬಗ್ಗಿದ. ಅಲ್ಲಿಗೆ ನಿಂತಿತು. ಅವನ ಕೈ ಹುಡುಗಿಯ ಕತ್ತಿನ ಹಿಂದೆ, ತಾಳಿ ಇನ್ನೂ ಗಾಳಿಯಲ್ಲಿ. ಮಗಳು ಕೀಲಿಗಳನ್ನು ಒತ್ತಿದಳು, ಡಬ್ಬಕ್ಕೆ ಹೊಡೆದಳು. ಆಫ್ ಮಾಡಿದರೆ ಇದುವರೆಗೆ ತುಂಬಿಸಿದ್ದು ಹೋಗಬಹುದು, ತಾನಾಗಿ ಸರಿಹೋದರೆ ಹೋಗಲಿ ಅಂತ ಹಾಗೇ ಬಿಟ್ಟೆವು. ನಾವು ಊಟ ಮಾಡಿದೆವು, ಪಾತ್ರೆ ತೊಳೆದೆವು, ನಾನು ಅಕ್ಕಿ ಆರಿಸಿದೆ. ಅವನು ಇನ್ನೂ ಬಗ್ಗಿಯೇ ಇದ್ದ.

ಆಫ್ ಮಾಡಿ ಮತ್ತೆ ಹಾಕಿದಾಗ ಉಳಿದದ್ದೆಲ್ಲ ಇತ್ತು, ಆ ತುಂಡು ಮಾತ್ರ ಇರಲಿಲ್ಲ. ಮತ್ತೆ ತುಂಬಿಸಲು ಹೋದರೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಟೇಪು ಸರಿಯಾಗಿದೆ, ಕ್ಯಾಮೆರಾದಲ್ಲಿ ಹಾಕಿದರೆ ಎಲ್ಲಾ ಕಾಣುತ್ತದೆ, ಈ ಡಬ್ಬದಲ್ಲಿ ಜಾಗವೂ ಇಲ್ಲ ಶಕ್ತಿಯೂ ಇಲ್ಲ, ಒಳಗಿನ ಸಾಮಾನು ಬದಲಾಯಿಸದೆ ಆಗುವುದಿಲ್ಲ ಅಂದಳು. ಅಷ್ಟರಲ್ಲಿ ಫೋನು ಬಂತು. ಮದುವೆ ಹುಡುಗಿಯ ತಾಯಿ, ಆಫೀಸರ ಹೆಂಡತಿ. ಸ್ಟುಡಿಯೋದವನಿಂದ ನಂಬರು ತಗೊಂಡು, ಕೆಲಸ ಎಲ್ಲಿಗೆ ಬಂತು ಅಂತ ಕೇಳಲು ಮಾಡಿದ್ದರು. ಮಗಳು ನಿಜ ಹೇಳಿದಳು. ಅವಳಿಗೆ ತಿಳಿದ ಕನ್ನಡದಲ್ಲಿ, ಗೌರವದಿಂದ, ನನ್ನ ಎದುರಿಗೇ ನಿಂತು ಹೇಳಿದಳು.

“ಆಂಟಿ, ಉಳಿದಿದ್ದೆಲ್ಲ ಚೆನ್ನಾಗಿದೆ. ಬರೀ ನಿಮ್ಮ ಮಗಳ ತಾಳಿ ಕಟ್ ಆಗಿದೆ.”

ನಾನು ಒಲೆ ಹತ್ತಿರದಿಂದ ಏಳುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು.

ಅವಳಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಅವಳ ಕೆಲಸದಲ್ಲಿ ದಿನಕ್ಕೆ ನೂರು ಸಲ ಕಟ್. ಫೇರಾ ಕಟ್ ಆಯಿತು, ವಿದಾಯಿ ಕಟ್ ಮಾಡಿದೆ, ಕೇಕು ಅರ್ಧಕ್ಕೆ ಕಟ್. ಪಂಜಾಬಿಗಳು ಅದಕ್ಕೆ ಅಚ್ಛಾ ಅನ್ನುತ್ತಾರೆ. ನಮ್ಮಲ್ಲಿ ಬಳೆ ಒಡೆದರೂ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ದೀಪ ಆರಿಸಿದರೂ ದೊಡ್ಡದು ಮಾಡಿದೆ ಅನ್ನುತ್ತೇವೆ. ತಾಳಿಯ ದಾರ ಸವೆದು ಕೈಗೆ ಬಂದರೆ, ಬಾಯಿ ಬಿಡದೆ ಅರಿಶಿನದ ಕೊಂಬು ಕಟ್ಟಿಕೊಂಡು ಹೊಸ ದಾರ ಹುಡುಕುತ್ತೇವೆ. ಇದನ್ನೆಲ್ಲ ನಾನು ಅವಳಿಗೆ ಯಾವತ್ತೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಊರಿನಲ್ಲಿದ್ದರೆ ತಾನಾಗಿ ಬರುತ್ತದೆ. ಏನು ಹೇಳಬೇಕಿತ್ತು ಹಾಗಾದರೆ ಅಂತ ಕೇಳಿದಳು. ತಾಳಿ ಕಟ್ಟೋದು ಇನ್ನೂ ಬಂದಿಲ್ಲ ಅನ್ನಬೇಕಿತ್ತು ಅಂದೆ. ‘ಕಟ್ಟೋದು, ಕಟ್, ಎರಡೂ ಒಂದೇ ಥರಾ ಕೇಳ್ಸುತ್ತಲ್ಲ’ ಅಂದಳು. ಕೇಳಿಸುವುದು ಒಂದೇ ಥರ.

ಆಫೀಸರ ಹೆಂಡತಿ ಸುಮ್ಮನಿರಲಿಲ್ಲ. ನಮ್ಮವರ ಸಂಘದಲ್ಲಿ ವಿಚಾರಿಸಿದರು, ಇದು ಯಾರ ಮನೆ ಹುಡುಗಿ ಅಂತ. ಏಪ್ರಿಲ್‌ನಲ್ಲಿ ತೀರಿಕೊಂಡ ದಫ್ತರಿಯ ಮಗಳು ಅಂತ ಗೊತ್ತಾಯಿತು. ಗಂಡ ಸತ್ತು ಇನ್ನೂ ಬೂದಿ ಆರದ ಮನೆಯಿಂದ, ಮದುವೆಯಾಗಿ ತಿಂಗಳಾಗದ ತಮ್ಮ ಮಗಳ ತಾಳಿಗೆ ಆ ಮಾತು ಬಂದಿದೆ. ಅವರ ಜಾಗದಲ್ಲಿ ನಾನಿದ್ದರೂ ಫೋನು ಇಡುತ್ತಿದ್ದೆ. ಆಮೇಲೆ ಸ್ಟುಡಿಯೋಗೆ ಫೋನು ಮಾಡಿ ಹಿಂದಿಯಲ್ಲಿ ಬೈದರಂತೆ. ಕೋಪದಲ್ಲಿ ಮಂಗಳಸೂತ್ರ ಅನ್ನುವ ಮಾತು ಬಾಯಿಗೆ ಬರದೆ ತಾಳಿ ತಾಳಿ ಅಂದಿದ್ದಾರೆ.

ಸ್ಟುಡಿಯೋದವನು ಅವತ್ತೇ ಸಂಜೆ ಬಂದ. ಬೆವರು ಒರೆಸಿಕೊಳ್ಳುತ್ತಾ, ನಿಮ್ಮ ಜನ ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ಹಾರಾಡುತ್ತಾರೆ ಅಂತ ನನ್ನನ್ನು ಕೇಳಿದ. ತಾನು ಎಷ್ಟು ಸಮಾಧಾನವಾಗಿ ಮಾತಾಡಿದೆ ಅನ್ನುವುದನ್ನು ಹಾಗೇ ಒಪ್ಪಿಸಿದ.

“ಮೈನೇ ತೋ ಪ್ಯಾರ್ ಸೇ ಬೋಲಾ ಮಾತಾಜಿ, ತಾಲಿ ಹೀ ತೋ ಹೈ ಮೇಡಂ, ದೂಸರೀ ಶಾದೀ ಕೀ ಲಗಾ ದೇಂಗೆ.”

ಹಿಂದಿಯಲ್ಲಿ ತಾಲಿ ಅಂದರೆ ಚಪ್ಪಾಳೆ. ಮದುವೆಯಲ್ಲಿ ಜನ ಚಪ್ಪಾಳೆ ಹೊಡೆದ ಸದ್ದು ಎಲ್ಲೋ ಕಟ್ ಆಗಿದೆ ಅಂತ ಅವನು ತಿಳಿದಿದ್ದ. ಚಪ್ಪಾಳೆ ತಾನೆ, ಬೇರೆ ಯಾವುದಾದರೂ ಮದುವೆಯದು ತಂದು ಹಾಕೋಣ ಅಂತ ಅವನ ಲೆಕ್ಕ. ಆ ಯಮ್ಮನಿಗೆ ಕೇಳಿಸಿದ್ದು, ತಾಳಿ ತಾನೆ, ಇನ್ನೊಂದು ಮದುವೆಯದು ಹಾಕಿಕೊಡುತ್ತೇವೆ. ಮಗಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅವತ್ತೇ. ನಾನು ಅವನಿಗೆ ನನ್ನ ಬರಿ ಕತ್ತು ತೋರಿಸಿ, ಅದಲ್ಲಪ್ಪ ಇದು ಅಂದೆ. ಅವನಿಗೆ ಅರ್ಥವಾಯಿತು. ಹಾಯ್ ರಬ್ಬಾ ಅಂತ ಸೋಫಾದ ಮೇಲೆ ಕೂತ.

ಕೂತು ಹೇಳಿದ್ದು ಇಷ್ಟು. ಭಾನುವಾರ ಆ ಮೇಡಂ ತಾವೇ ಕಾರಿನಲ್ಲಿ ಬಂದು ಟೇಪುಗಳನ್ನು ವಾಪಸು ತಗೊಂಡು ಹೋಗುತ್ತಾರೆ. ತಡೆಯಲು ನನಗೆ ಆಗುವುದಿಲ್ಲ. ನಿಮ್ಮ ಭಾಷೆ, ನಿಮ್ಮ ರಿವಾಜು, ನೀವು ಹೇಗಾದರೂ ಮಾಡಿ ಒಪ್ಪಿಸಿ. ಆ ಟೇಪು ಈ ಮನೆಯಿಂದ ಹೋಯಿತು ಅಂದರೆ ಬೇಟಾ, ನಾಳೆಯಿಂದ ನಾನು ಬೇರೆ ಹುಡುಗನಿಗೆ ಕೊಡಬೇಕಾಗುತ್ತದೆ. ಮಗಳು ನಗು ನಿಲ್ಲಿಸಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಕಾರ್ಯಕ್ಕೆ ಅಂತ ಯಜಮಾನರ ಆಫೀಸಿನವರು ಕೂಡಿಸಿಕೊಟ್ಟಿದ್ದರಲ್ಲಿ ಉಳಿದದ್ದು ಬೀರುವಿನಲ್ಲಿತ್ತು. ಎಲ್ಲ ತೆಗೆದು ಮಗಳ ಕೈಗೆ ಕೊಟ್ಟೆ. ಇಷ್ಟೂ ಬೇಡ ಅಂದಳು. ಇಟ್ಟುಕೊ ಅಂದೆ. ಗುರುವಾರ ಇಬ್ಬರೂ ಡಬ್ಬವನ್ನು ಹಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಆಟೋದಲ್ಲಿ ನೆಹರೂ ಪ್ಲೇಸಿಗೆ ಹೊರಟೆವು. ಗಂಟು ನನ್ನ ತೊಡೆಯ ಮೇಲೆ. ಅಲ್ಲಿ ಕಲ್ಲು ಹಾಸಿದ ದೊಡ್ಡ ಅಂಗಳ, ಕಾದ ಹೆಂಚಿನ ಹಾಗೆ. ಸುತ್ತ ನೂರಾರು ಕಂಪ್ಯೂಟರ್ ಅಂಗಡಿ. ಹೆಜ್ಜೆಗೊಬ್ಬ ಹುಡುಗ ಬಂದು ಸಾಫ್ಟ್‌ವೇರ್, ಸಾಫ್ಟ್‌ವೇರ್ ಅಂತ ಕಳ್ಳಸಾಮಾನು ಮಾರುವವನ ಹಾಗೆ ಕಿವಿಯ ಹತ್ತಿರ ಪಿಸುಗುಡುತ್ತಿದ್ದ. ನೆಲಮಾಳಿಗೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಗಂಟು ಬಿಚ್ಚಿಸಿ ಡಬ್ಬ ನೋಡಿ, ಮಾತಾಜಿ ಇದನ್ನು ಮ್ಯೂಸಿಯಮ್ಮಿಗೆ ಕೊಡಿ, ಹೊಸದು ಕೊಡುತ್ತೇನೆ ಅಂದ. ಮ್ಯೂಸಿಯಂ ಮುಚ್ಚಿದೆ, ಅದಕ್ಕೇ ನಿನ್ನ ಹತ್ತಿರ ಬಂದೆವು ಅಂದೆ. ಆಮೇಲೆ ಮಗಳು ಮಾತಾಡಿದಳು. ಹಿಂದಿಯಲ್ಲಿ ಅವಳು ಬೇರೆಯೇ ಹುಡುಗಿ. ಬೋರ್ಡು ಬದಲಾಯಿಸಬೇಕು, ಅದರ ಮೇಲಿನ ಚಿಪ್ಪು, ಮೆಮೊರಿ, ದೊಡ್ಡ ಹಾರ್ಡ್ ಡಿಸ್ಕು, ಕರೆಂಟು ಕೊಡುವ ಪೆಟ್ಟಿಗೆ. ಹಳೆಯ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ಇಳಿಸಿಕೊಡಿ, ಸಿ.ಡಿ. ಜಾಗಕ್ಕೆ ಡಿ.ವಿ.ಡಿ. ಬರೆಯುವುದು ಹಾಕಿ. ಅವನು ಒಂದು ಹೇಳಿದರೆ ಇವಳು ಎರಡು ಹೇಳುತ್ತಿದ್ದಳು. ತಿಪಟೂರಿನ ಗೋಡೆ ನೋಡುತ್ತಾ ಕೂರುತ್ತಿದ್ದವಳು ಇವಳೇನಾ ಅನ್ನಿಸಿತು.

ಎಲ್ಲಾ ಬದಲಾಯಿಸಿದರೆ ಹಳೆಯದು ಏನು ಉಳಿಯುತ್ತದೆ ಅಂತ ಕೇಳಿದೆ. ಡಬ್ಬ ಅಂದಳು.

ಅಂಗಡಿಯವನು ಒಳಗಿನ ಹಸಿರು ಬೋರ್ಡನ್ನು ಬಿಚ್ಚಿ ಬಗ್ಗಿಸಿದ. ಧೂಳಿನ ಜೊತೆ ಹಳದಿ ಕಾಳುಗಳು ಕೌಂಟರಿನ ಮೇಲೆ ಉದುರಿದವು. ಅವನು ಒಂದನ್ನು ಬೆರಳಲ್ಲಿ ಎತ್ತಿ ನೋಡಿದ.

“ಚಾವಲ್? ಮಾತಾಜಿ, ಇಸ್ ಮೇ ಪುಲಾವ್ ಬನಾತೀ ಥೀ ಕ್ಯಾ?”

ಪಕ್ಕದ ಅಂಗಡಿಯವನೂ ನೋಡಲು ಬಂದ. ಪ್ರತಿ ವರ್ಷ ಆಯುಧಪೂಜೆಗೆ ಯಜಮಾನರು ಮನೆಯ ಕತ್ತರಿ, ಹೊಲಿಗೆ ಸೂಜಿ, ತಮ್ಮ ಸೈಕಲ್ಲು, ಮಗಳ ಕಂಪ್ಯೂಟರು ಎಲ್ಲಕ್ಕೂ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದರು. ತಗಡು ಬಿಚ್ಚಿದ ಡಬ್ಬ, ಅಕ್ಷತೆ ಒಳಗೆ ಹೋಗಿ ಬೋರ್ಡಿನ ಸಂದುಗಳಲ್ಲಿ ಕೂತಿತ್ತು. ಇದರಿಂದಲೇ ಹ್ಯಾಂಗ್ ಆಗುತ್ತಿತ್ತಾ ಅಂತ ಮಗಳು ಕೇಳಿದಳು. ಇರಬಹುದು, ಇಲ್ಲದಿರಬಹುದು ಅಂದ ಅವನು. ಅಕ್ಕಿ ಹಾಕಿದವರು ಯಾರು ಅಂತ ನಾನು ಹೇಳಲಿಲ್ಲ. ಅವನು ಬ್ಲೋವರ್ ಹಿಡಿದು ಊದಿದ, ಧೂಳೂ ಅಕ್ಕಿಯೂ ಎದ್ದು ನಮ್ಮ ಮೇಲೆಲ್ಲ ಬಂತು. ಸೀನಿದೆವು. ಮಗಳ ಕೂದಲಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು, ತೆಗೆದು ಎಸೆದೆ.

ಮನೆಗೆ ತಂದು ಜೋಡಿಸಿ, ಅವಳು ಶುಕ್ರವಾರ ಇಡೀ ಅದಕ್ಕೆ ಏನೇನೋ ತುಂಬಿಸಿದಳು. ಶನಿವಾರ ಮುಹೂರ್ತದ ಟೇಪು ಹಾಕಿದಳು. ಗಂಡು ಬಗ್ಗಿದ. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಈ ಸಲ ನಿಲ್ಲಲಿಲ್ಲ. ಒಂದು ಗಂಟು, ಎರಡು ಗಂಟು, ಮೂರನೆಯದಕ್ಕೆ ಗಂಡಿನ ಅಕ್ಕ ಕೈ ಹಾಕಿದಳು. ಕಟ್ಟಿ ಮುಗಿಯಿತು, ಅಕ್ಷತೆ ಬಿತ್ತು. ಮಗಳು ಕುರ್ಚಿಯಿಂದ ತಿರುಗಿ ನನ್ನ ಮುಖ ನೋಡಿದಳು. ಸರಿಯಾಗಿದೆ ಅಂದೆ. ಅವಳಿಗೆ ಅಷ್ಟು ಸಾಲಲಿಲ್ಲ ಅಂತ ಕಾಣುತ್ತದೆ. ನನ್ನ ಹತ್ತಿರ ಅಷ್ಟೇ ಇತ್ತು.

ಭಾನುವಾರ ಹನ್ನೊಂದರ ಹೊತ್ತಿಗೆ ಆಫೀಸರ ಹೆಂಡತಿ ಬಂದರು. ನೀನು ಬಾಯಿ ತೆರೆಯಬೇಡ ಅಂತ ಮಗಳಿಗೆ ಮೊದಲೇ ಹೇಳಿದ್ದೆ. ಬಾಗಿಲು ತೆರೆದೆ. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ನನ್ನ ಹಣೆ ನೋಡಿದರು, ಆಮೇಲೆ ನೆಲ ನೋಡಿದರು. ಹೊಸಿಲ ಆಚೆಯೇ ನಿಂತರು.

“ಟೇಪು ಕೊಟ್ಟುಬಿಡೀಮ್ಮ. ನಿಮ್ಮ ಮನಸ್ಸು ನೋಯಿಸಬೇಕು ಅಂತ ಬಂದಿದ್ದಲ್ಲ.”

“ನೋವೇನಿಲ್ಲ. ನಿಮ್ಮ ಮಗಳ ಮುಹೂರ್ತ ಒಂದ್ಸಲ ನೋಡ್ಕೊಂಡು ತಗೊಂಡು ಹೋಗಿ. ಹುಡುಗಿಗೆ ಕನ್ನಡ ಅರ್ಧ ಬರುತ್ತೆ. ನಿಮ್ಮ ಮಗಳಿಗೆ ಪೂರ್ತಿ ಬರುತ್ತಾ?”

ಮೊನ್ನೆ ಅವಳೂ ಮಾನೇಸರಿಂದ ಫೋನು ಮಾಡಿ, ಮಮ್ಮಿ ಹಸಿರು ಬಳೆ ಸಬ್ ಟೂಟ್ ಗಯೀ ಅಂದಳು ಅಂದರು. ಹೇಳುತ್ತಾ ಹೇಳುತ್ತಾ ತಮ್ಮ ಬಳೆಗಳನ್ನು ಮುಟ್ಟಿಕೊಂಡರು. ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ, ಅವರ ಕಣ್ಣಿಗೆ ಬೀಳದ ಹಾಗೆ. ಮಗಳು ಹಾಕಿದಳು. ವಾದ್ಯ ಏರಿತು. ಮೂರೂ ಗಂಟು ಆಗುವವರೆಗೂ ಆ ಯಮ್ಮ ನಿಂತೇ ನೋಡಿದರು. ಇನ್ನೊಂದು ಸಲ ಹಾಕು ಅಂದರು. ಹಾಕಿದಳು. ಎರಡನೇ ಸಲ ಕುರ್ಚಿಯಲ್ಲಿ ಕೂತರು. ತಾಳಿ ಕಟ್ಟುವಾಗ ನಾನು ಮಂಟಪದಲ್ಲೇ ಇರಲಿಲ್ಲ, ಸ್ಟೋರ್ ರೂಮಿನ ಬೀಗದಕೈ ಕಳೆದುಹೋಗಿ ಅದನ್ನು ಹುಡುಕುತ್ತಾ ಮದುವೆ ಹಾಲಿನ ಹಿಂದೆ ಓಡಾಡುತ್ತಿದ್ದೆ ಅಂದರು. ಗಟ್ಟಿಮೇಳ ಕಿವಿಗೆ ಬಿದ್ದಾಗ ಕೈಯಲ್ಲಿ ತೆಂಗಿನಕಾಯಿ ಚೀಲ ಇತ್ತಂತೆ. ಮಗಳು ಕೇಳದೆಯೇ ಮೂರನೇ ಸಲ ಹಾಕಿದಳು.

ಆದರೂ ಎದ್ದು ಸೆರಗು ಸರಿಮಾಡಿಕೊಂಡು, ಕೆಲಸ ಚೆನ್ನಾಗಿದೆ, ಅದಕ್ಕೆ ಏನೂ ಹೇಳುವ ಹಾಗಿಲ್ಲ, ಆದರೆ ಬೀಗರ ಕಡೆಯವರು ಕಟ್ಟುನಿಟ್ಟಿನ ಜನ ಅಂದರು. ವರ್ಷ ತುಂಬದ ಮನೆಯಲ್ಲಿ ಮದುವೆ ವಿಡಿಯೋ ಮಾಡಿಸಿದೆವು ಅಂತ ಗೊತ್ತಾದರೆ, ನಾಳೆ ಹುಡುಗಿಗೆ ತಲೆನೋವು ಬಂದರೂ ಇದನ್ನೇ ಹೇಳುತ್ತಾರೆ ಅಂದರು. ಸುಳ್ಳಲ್ಲ. ಹೇಳುತ್ತಾರೆ. ಮೇಜಿನ ಮೇಲೆ ಟೇಪುಗಳ ಕಟ್ಟು ಇತ್ತು. ಅವರ ಕೈ ಅದರ ಕಡೆ ಹೋಯಿತು. ಮಗಳು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಬಾಗಿಲಿಂದ ಈಚೆ ಬಂದೆ.

“ದೋಷ ಯಾವುದಕ್ಕಮ್ಮ? ಮೆಷಿನ್ನಿಗಾ, ಹುಡುಗಿಗಾ, ನನಗಾ?”

ಅವರು ಟೇಪಿನ ಮೇಲೆ ಕೈ ಇಟ್ಟುಕೊಂಡೇ ನಿಂತರು.

“ಮೆಷಿನ್ನು ಒಳಗೆಲ್ಲ ಹೊಸದು, ಗುರುವಾರ ಹಾಕ್ಸಿದ್ದು. ಅದು ಯಾವ ಸಾವೂ ನೋಡಿಲ್ಲ. ಹಳೇದು ಅಂದ್ರೆ ಡಬ್ಬ ಒಂದೇ, ಒರೆಸ್ಕೊಡ್ತೀನಿ. ಹುಡುಗಿ ನಾಳೆ ಮದುವೆ ಆಗಬೇಕಾದವಳು. ಇನ್ನು ಉಳಿದಿದ್ದು ನಾನು. ನಾನೇನೂ ವಿಡಿಯೋ ಮಾಡಲ್ಲ. ನಿಮ್ಮನೇಲಿ ಒಂದು ಟೇಬಲ್ ಇದ್ರೆ ಮೆಷಿನ್ನೂ ಹುಡುಗೀನೂ ಕರ್ಕೊಂಡು ಹೋಗಿ. ಅಲ್ಲೇ ಕೂತು ಮುಗಿಸಿ ಬರ್ತಾಳೆ.”

“ಅಮ್ಮ, ಯೇ ಕ್ಯಾ ಬೋಲ್ ರಹೀ ಹೋ?” ಅಂದಳು ಮಗಳು.

ಸುಮ್ಮನಿರು ಅಂದೆ. ಆಫೀಸರ ಹೆಂಡತಿ ತುಂಬ ಹೊತ್ತು ಕಂಪ್ಯೂಟರನ್ನು ನೋಡಿದರು. ಅವರ ಮನೆಯಲ್ಲಿ ಮಗಳ ರೂಮು ಖಾಲಿಯಿತ್ತು, ಎ.ಸಿ. ಇತ್ತು, ಟೇಬಲ್ಲೂ ಇತ್ತು. ಅದನ್ನೆಲ್ಲ ಒಂದೊಂದಾಗಿ ಬಾಯಲ್ಲೇ ಹೇಳಿಕೊಂಡರು. ಕೊನೆಗೆ, ‘ನೀವು ಬೇಜಾರು ಮಾಡ್ಕೋಬಾರದು’ ಅಂದರು. ‘ಇಲ್ಲ’ ಅಂದೆ. ಬೇಜಾರು ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ. ನೀರು ಕೊಡಲಾ ಅಂತ ಕೇಳಿದ್ದಕ್ಕೆ ಬೇಡ ಅಂದರು. ನಾನೂ ಎರಡನೇ ಸಲ ಕೇಳಲಿಲ್ಲ.

ಡ್ರೈವರು ಮಾನಿಟರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ. ಡಬ್ಬವನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟೆ. ಮಗಳು ಹಿಂದೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಪಕ್ಕದಲ್ಲಿ ಆ ಯಮ್ಮ. ನನ್ನ ಮೇಲೆ ಅವಳಿಗೆ ಸಿಟ್ಟಿತ್ತು. ಹೋಗಿ ಬರುತ್ತೇನೆ ಅನ್ನಲಿಲ್ಲ. ಕಾರು ಹೊರಡುವಾಗ ಕಿಟಕಿಯಿಂದ, ‘ಮಡಕೆಗೆ ನೀರು ಹಾಕು, ಮರೀಬೇಡ’ ಅಂದಳು. ಮನೆಯಲ್ಲಿ ಮೇಜು ಇತ್ತು, ಫ್ಯಾನು ಇತ್ತು. ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡು ಮಲಗಿದೆ. ಶಹನಾಯಿ ಇಲ್ಲದ ಮನೆ ಬೇರೆಯವರ ಮನೆಯ ಹಾಗಿತ್ತು. ಸಂಜೆ ಸ್ಟುಡಿಯೋದವನು ಫೋನು ಮಾಡಿದ. ಮೇಡಂ ಖುಷಿಯಾಗಿದ್ದಾರೆ, ಆಷಾಢ ಕಳೆದ ಮೇಲೆ ಅವರ ತಂಗಿಯ ಮಗನ ಮದುವೆ ಇದೆ, ಅದೂ ನಮಗೇ ಅಂದಿದ್ದಾರೆ, ಬೇಟಿಯ ಕೆಲಸದ ಚಿಂತೆ ಬಿಡಿ ಮಾತಾಜಿ, ಕಮಾಲ್ ಮಾಡಿದಿರಿ ಅಂದ. ಸರಿಯಪ್ಪ ಅಂದೆ. ಊರಿಗೆ ಫೋನು ಮಾಡಿ, ದಸರಾಕ್ಕೆ ನೀವು ಬರುವುದು ಬೇಡ ಅಂತ ಭಾವನವರಿಗೆ ಹೇಳಿದೆ. ಅವರು ಏನೋ ಕೇಳಿದರು, ಲೈನು ಸರಿಯಿಲ್ಲ ಅಂತ ಇಟ್ಟೆ.

ಮಾರನೇ ದಿನ ಬೆಳಿಗ್ಗೆ ಹಾಲು ಇಳಿಸುತ್ತಿರುವಾಗ ಮಗಳ ಫೋನು ಬಂತು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಹಾಕುವ ವೈರು ಬಿಟ್ಟುಹೋಗಿದೆ, ಒಂದು ಕಡೆ ಸಣ್ಣ ಮೂತಿ ಇನ್ನೊಂದು ಕಡೆ ದೊಡ್ಡ ಮೂತಿ, ಅದಿಲ್ಲದೆ ಉಳಿದ ಟೇಪು ಒಳಗೆ ಹೋಗುವುದಿಲ್ಲ ಅಂದಳು. ಮೇಜಿನ ಹಿಂದೆ ಮೂರು ವೈರು ಬಿದ್ದಿದ್ದವು. ಯಾವುದು ಅಂತ ತಿಳಿಯದೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಆಫೀಸರ ಮನೆಯ ಗೇಟಿನಲ್ಲಿ ನಿಂತು ಕಾವಲುಗಾರನಿಗೆ ಹೇಳಿಕಳಿಸಿದೆ. ಮಗಳೇ ಇಳಿದು ಬಂದಳು. ಒಂದು ವೈರು ತಗೊಂಡು ಎರಡನ್ನು ವಾಪಸು ಕೊಟ್ಟಳು, ಒಂದು ಟೀವಿಯದು, ಒಂದು ಯಾತರದ್ದೂ ಅಲ್ಲ ಅಂದಳು. ತಿಂಡಿ ಏನು ಕೊಟ್ಟರು ಅಂತ ಕೇಳಿದೆ. ಉಪ್ಪಿಟ್ಟು ಅಂದಳು. ಮೇಲೆ ಬಾ ಅಂತ ಅವಳು ಅನ್ನಲಿಲ್ಲ, ಹೋಗು ಕೆಲಸ ನೋಡು ಅಂತ ನಾನೇ ಅಂದೆ. ಗೇಟಿನ ಆಚೆ ತರಕಾರಿ ಭಯ್ಯಾನ ಗಾಡಿ ನಿಂತಿತ್ತು. ಸೋರೆಕಾಯಿ ಎಳೆಯದಿತ್ತು, ಉಗುರು ಒತ್ತಿ ನೋಡಿ ಒಂದು ತಗೊಂಡು, ಬಿಸಿಲು ಏರುವ ಮೊದಲು ಮನೆಗೆ ಬಂದು ಅಡುಗೆಗೆ ಇಟ್ಟೆ.